ಹೆಸರಿಟ್ಟು ಸುಮ್ಮನಾಗಬೇಡಿ

2022ರ ನವೆಂಬರ್ ತಿಂಗಳು. ನಾನು ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾಗಿ ನಾಲ್ಕು ವರ್ಷ ಕಳೆದಿತ್ತು. ಒಂದು ಬೆಳಿಗ್ಗೆ ಹಳೆಯ ಸಹೋದ್ಯೋಗಿಯ ಫೋನ್ ಬಂತು. "ಸಿಸ್ಟರ್, ನಿಮಗೆ ಕನ್ನಡ ಬರುತ್ತಲ್ಲ? ಗೋವಂಡಿಯಲ್ಲಿ ಒಂದು ಮನೆಯವರು ಬಾಗಿಲನ್ನೇ ತೆಗೆಯುತ್ತಿಲ್ಲ. ಅವರಿಗೆ ಮರಾಠಿ ಬರುವುದಿಲ್ಲ, ಹಿಂದಿಯೂ ಅಷ್ಟಕ್ಕಷ್ಟೇ. ಒಂದು ಸಲ ಬಂದು ಹೋಗುತ್ತೀರಾ?"

ಆಗ ಮುಂಬಯಿಯಲ್ಲಿ ದಡಾರ ಹಬ್ಬಿತ್ತು. ಅಕ್ಟೋಬರ್ ಕೊನೆಯಲ್ಲಿ ಗೋವಂಡಿಯ ಮಕ್ಕಳು ತೀರಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಚಿಂಚ್‌ಪೋಕಳಿಯ ಕಸ್ತೂರ್ಬಾ ಆಸ್ಪತ್ರೆಯಲ್ಲಿ ದಡಾರದ ಮಕ್ಕಳಿಗೆ ವಾರ್ಡ್ ತೆರೆದಿದ್ದರು. ಕೇಂದ್ರ ಸರ್ಕಾರದ ತಂಡವೂ ಬಂದಿತ್ತು. ನಾನು ಚೆಂಬೂರಿನವಳು. ಹಾರ್ಬರ್ ಲೈನಿನಲ್ಲಿ ಗೋವಂಡಿಗೆ ಒಂದೇ ಸ್ಟೇಷನ್. ಅಲ್ಲಿಂದ ರಿಕ್ಷಾ, ಆಮೇಲೆ ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದ ಗಲ್ಲಿ.

ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರು. ಯಾದಗಿರಿ ಕಡೆಯ ಕುಟುಂಬ. ಗಂಡ ಹೆಂಡತಿ ಇಬ್ಬರೂ ನಾಕಾದಲ್ಲಿ ನಿಂತು ಕಟ್ಟಡದ ಕೂಲಿಗೆ ಹೋಗುವವರು. ನನ್ನ ಕನ್ನಡ ಕೇಳಿದ್ದೇ ತಡ ಬಾಗಿಲು ತೆರೆಯಿತು. ಒಳಗೆ ಹಳೆಯ ಸೀರೆಯ ಪರದೆ, ಅದರ ಹಿಂದೆ ಎರಡು ವರ್ಷದ ಹುಡುಗ ಮಲಗಿದ್ದ.

"ಅಮ್ಮ ಬಂದಾಳ್ರೀ ಅಕ್ಕಾರ," ಅಂದಳು ತಾಯಿ. "ಸೂಜಿ ಚುಚ್ಚಿಸಬಾರದು, ಹೊರಗ ಒಯ್ಯಬಾರದು ಅಂತ ನಮ್ಮತ್ತಿ ಹೇಳ್ಯಾರ."

ಪರದೆಯ ಪಕ್ಕದಲ್ಲಿ ಕೂತಿದ್ದ ಅತ್ತೆ ನನ್ನನ್ನೇ ದಿಟ್ಟಿಸಿ ನೋಡಿದರು. ನಾನು ವಾದಕ್ಕೆ ಹೋಗಲಿಲ್ಲ. ಆ ನಂಬಿಕೆ ನನಗೆ ಹೊಸದಲ್ಲ. ನಮ್ಮ ಕುಂದಾಪುರದ ಕಡೆಯೂ ಇತ್ತು, ನನ್ನ ಅಜ್ಜಿಯೂ ಹಾಗೇ ಮಾಡುತ್ತಿದ್ದಳು. "ಆಯ್ತಮ್ಮ, ಅಮ್ಮ ಬಂದಿದ್ದಾಳೆ ಅಂತಲೇ ಇಟ್ಟುಕೊಳ್ಳೋಣ. ಮಗುವಿನ ಉಸಿರು ಒಂದು ನಿಮಿಷ ಎಣಿಸುತ್ತೇನೆ, ಅಷ್ಟೇ," ಅಂದೆ. ಅಂಗಿ ಎತ್ತಿ, ಗಡಿಯಾರ ನೋಡುತ್ತಾ ಎಣಿಸಿದೆ. ಐವತ್ತನಾಲ್ಕು. ಪ್ರತಿ ಉಸಿರಿಗೂ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿತ್ತು. ಎರಡು ವರ್ಷದ ಮಗು ಸುಮ್ಮನೆ ಮಲಗಿದ್ದಾಗ ನಿಮಿಷಕ್ಕೆ ನಲವತ್ತು ದಾಟಬಾರದು.

ಅತ್ತೆಯ ಕೈ ಹಿಡಿದು ಮಗುವಿನ ಎದೆಯ ಮೇಲೆ ಇಟ್ಟೆ. "ನೀವೇ ನೋಡಿ. ಅಮ್ಮ ಬಂದಿರುವುದು ಮೈಮೇಲೆ. ಇದು ಎದೆಯ ಒಳಗೆ ಸೇರಿಕೊಂಡಿದೆ, ಇದು ಬೇರೆ." ಅವರು ಸ್ವಲ್ಪ ಹೊತ್ತು ಕೈ ಹಾಗೆಯೇ ಇಟ್ಟುಕೊಂಡರು. ಆಮೇಲೆ ಸೊಸೆಗೆ, "ಚಾದರ ತಗೋ," ಅಂದರು.

ಹುಡುಗನಿಗೆ ದಡಾರದ ಜೊತೆಗೆ ನ್ಯುಮೋನಿಯಾ ಆಗಿತ್ತು. ಎಂಟು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ. ಆ ದಿನದಿಂದ ನನ್ನನ್ನು ಒಂದು ವಿಚಾರ ಕಾಡುತ್ತಿದೆ, ಅದಕ್ಕೇ ಈ ಬರಹ. ನಾವು ಮಗುವಿನ ಕಾಯಿಲೆಗೆ ಬೇಗ ಒಂದು ಹೆಸರು ಕೊಟ್ಟುಬಿಡುತ್ತೇವೆ. ಅಮ್ಮ, ದೃಷ್ಟಿ, ಹಲ್ಲು ಬರುವ ಜ್ವರ, ಬೆವರುಸಾಲೆ, ಮಾತು ತಡ. ಹೆಸರು ಸಿಕ್ಕ ಕೂಡಲೇ ಮನಸ್ಸಿಗೆ ಸಮಾಧಾನ, ನೋಡುವುದನ್ನು ನಿಲ್ಲಿಸುತ್ತೇವೆ. ಬೇವಿನ ಸೊಪ್ಪಿನಿಂದ ಯಾವ ಮಗುವಿಗೂ ಕೇಡಾಗಿಲ್ಲ. ನೋಡುವುದನ್ನು ನಿಲ್ಲಿಸಿದ್ದರಿಂದ ಆಗಿದೆ.

ಊರಿಗೊಂದು ಹೆಸರು

'ಅಮ್ಮ' ಎನ್ನುವ ಮಾತು ಮುಖ್ಯವಾಗಿ ಸಿಡುಬಿಗೆ ಇದ್ದದ್ದು. ಭಾರತದಲ್ಲಿ ಸಿಡುಬು 1975ರಲ್ಲಿ ಕೊನೆಗೊಂಡಿತು, 1977ರಲ್ಲಿ ದೇಶ ಸಿಡುಬುಮುಕ್ತ ಎಂಬ ಮಾನ್ಯತೆಯೂ ಸಿಕ್ಕಿತು. ಕಾಯಿಲೆ ಹೋಯಿತು, ಹೆಸರು ಉಳಿಯಿತು. ಈಗ ಅದೇ ಹೆಸರು ದಡಾರಕ್ಕೂ, ಸೀತಾಳೆ ಸಿಡುಬಿಗೂ, ಮೈಮೇಲೆ ಏನೇ ಎದ್ದರೂ ಸಲ್ಲುತ್ತದೆ.

ಮುಂಬಯಿಯಲ್ಲಿ ಇನ್ನೊಂದು ತೊಡಕು. ನಮ್ಮ ಹೆಸರು ಡಾಕ್ಟರಿಗೆ ತಿಳಿಯುವುದಿಲ್ಲ, ಅವರ ಹೆಸರು ನಮಗೆ ತಿಳಿಯುವುದಿಲ್ಲ. ದಡಾರಕ್ಕೆ ಉತ್ತರ ಕರ್ನಾಟಕದವರು ಗೊಬ್ಬರ ಎನ್ನುತ್ತಾರೆ. "ಮಗೂಗೆ ಗೊಬ್ಬರ ಆಗೈತಿ" ಎಂದರೆ ಮೈಸೂರು ಕಡೆಯವರು ಹೊಲದ ಗೊಬ್ಬರವೆಂದು ಕಣ್ಣರಳಿಸುತ್ತಾರೆ. ಮರಾಠಿಯಲ್ಲಿ ಅದು ಗೋವರ್, ಹಿಂದಿಯಲ್ಲಿ ಖಸರಾ. ಸೀತಾಳೆ ಸಿಡುಬು ಮರಾಠಿಯಲ್ಲಿ ಕಾಂಜಣ್ಯಾ. ಮಂಗನಬಾವು ಗಾಲಗುಂಡ. ನಾಯಿಕೆಮ್ಮು ಡಾಂಗ್ಯಾ ಖೋಕಲಾ. ಗಂಟಲುಮಾರಿ ಘಟಸರ್ಪ. ಈ ಕೊನೆಯದನ್ನು ಕೇಳಿ ನಮ್ಮವರು ಸರ್ಪಸುತ್ತು ಎಂದುಕೊಂಡದ್ದನ್ನು ನಾನೇ ಕಂಡಿದ್ದೇನೆ. ಎರಡಕ್ಕೂ ಸಂಬಂಧವೇ ಇಲ್ಲ. ಸರ್ಪಸುತ್ತು ಚರ್ಮದ ಮೇಲೆ ಏಳುವ ಉರಿಗುಳ್ಳೆ. ಘಟಸರ್ಪ ಗಂಟಲಿನಲ್ಲಿ ಬೂದುಬಣ್ಣದ ಪೊರೆ ಕಟ್ಟಿ ಉಸಿರು ನಿಲ್ಲಿಸಬಲ್ಲ ಕಾಯಿಲೆ.

ಅದಕ್ಕೇ ಡಾಕ್ಟರ ಮುಂದೆ ಹೆಸರು ಹೇಳಬೇಡಿ, ಕಂಡದ್ದನ್ನು ಹೇಳಿ. ಮೊದಲು ಜ್ವರವೋ ದದ್ದೋ? ಮುಖದಲ್ಲಿ ಶುರುವಾಯಿತೋ ಹೊಟ್ಟೆಯಲ್ಲೋ? ಎಷ್ಟನೇ ದಿನ? ದಿನಕ್ಕೊಂದು ಫೋಟೊ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಫೋಟೊಗೆ ಭಾಷೆ ಬೇಕಿಲ್ಲ.

ಮೈಮೇಲೆ ಎದ್ದದ್ದು ಯಾವುದು?

ದಡಾರ ಒಂದು ಕ್ರಮದಲ್ಲಿ ಬರುತ್ತದೆ. ಮೊದಲು ಮೂರು ನಾಲ್ಕು ದಿನ ಜೋರು ಜ್ವರ, ಕೆಮ್ಮು, ಸುರಿಯುವ ಮೂಗು, ಬೆಳಕು ಕಂಡರೆ ಮುಚ್ಚಿಕೊಳ್ಳುವ ಕೆಂಪು ಕಣ್ಣು. ಬಾಯಿ ತೆರೆಸಿ ನೋಡಿದರೆ ಕೆನ್ನೆಯ ಒಳಗಡೆ ಉಪ್ಪಿನ ಹರಳು ಉದುರಿಸಿದಂಥ ಬಿಳಿ ಚುಕ್ಕೆಗಳು ಕಾಣಬಹುದು. ಆಮೇಲೆ ದದ್ದು ಏಳುತ್ತದೆ. ಕಿವಿಯ ಹಿಂದೆ, ಕೂದಲಿನ ಅಂಚಿನಲ್ಲಿ ಶುರುವಾಗಿ ಮುಖಕ್ಕೆ, ಎದೆಗೆ, ಕಾಲಿಗೆ ಇಳಿಯುತ್ತದೆ. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ, ಬೆರಳಾಡಿಸಿದರೆ ತರಿತರಿ ಅನ್ನಿಸುತ್ತದೆ.

ದದ್ದು ಏಳುವ ನಾಲ್ಕು ದಿನ ಮೊದಲಿನಿಂದ ಎದ್ದ ನಾಲ್ಕು ದಿನದವರೆಗೆ ದಡಾರ ಹರಡುತ್ತದೆ. ಮಗು ಎದ್ದುಹೋದ ಮೇಲೂ ಎರಡು ಗಂಟೆಯವರೆಗೆ ಆ ಕೋಣೆಯ ಗಾಳಿಯಲ್ಲಿ ವೈರಸ್ ಉಳಿಯಬಲ್ಲದು. ಲಸಿಕೆ ಇಲ್ಲದ ಹತ್ತು ಜನ ಹತ್ತಿರ ಬಂದರೆ ಒಂಬತ್ತು ಮಂದಿಗೆ ತಗಲುತ್ತದೆ. ಹತ್ತು ಅಡಿಯ ಖೋಲಿಯಲ್ಲಿ ಏಳೆಂಟು ಜನ ಮಲಗುವ ಊರಿನಲ್ಲಿ ಸೀರೆಯ ಪರದೆಯಿಂದ ಏನಾಗಬೇಕು?

ದಡಾರ ತಾನಾಗಿ ಕೊಲ್ಲುವುದಕ್ಕಿಂತ ಬಾಗಿಲು ತೆರೆದಿಡುವುದು ಹೆಚ್ಚು. ನ್ಯುಮೋನಿಯಾ, ಭೇದಿ, ಕಿವಿಸೋರಿಕೆ, ಕೆಲವೊಮ್ಮೆ ಮೆದುಳಿನ ಉರಿಯೂತ. ಹಿಂದೆ ಬಂದುಹೋದ ಸೋಂಕುಗಳ ವಿರುದ್ಧ ದೇಹ ಕಲಿತಿದ್ದ ಪಾಠವನ್ನೂ ಅದು ಅಳಿಸಿಹಾಕುತ್ತದೆ. ಹಾಗಾಗಿಯೇ ವಾಸಿಯಾದ ಮಗು ತಿಂಗಳುಗಟ್ಟಲೆ ಏನಾದರೊಂದು ಕಾಯಿಲೆಯಲ್ಲಿ ನರಳುತ್ತದೆ. ದಡಾರ ಬಂದ ಮಗುವಿಗೆ ಎರಡು ದಿನ ವಿಟಮಿನ್ ಎ ಕೊಡುತ್ತಾರೆ. ಅದು ಕಣ್ಣನ್ನೂ ಜೀವವನ್ನೂ ಕಾಯುತ್ತದೆ. ಎಷ್ಟು ಕೊಡಬೇಕೆಂದು ಡಾಕ್ಟರೇ ಹೇಳಬೇಕು, ಅಂಗಡಿಯಿಂದ ತಂದು ಕುಡಿಸುವುದಲ್ಲ.

ಸೀತಾಳೆ ಸಿಡುಬಿನದು ನೀರುಗುಳ್ಳೆ. ಹೆಚ್ಚಾಗಿ ಎದೆ, ಹೊಟ್ಟೆ, ಬೆನ್ನು, ಮುಖದಲ್ಲಿ ಶುರು. ವಿಪರೀತ ತುರಿಕೆ. ಒಂದೇ ಜಾಗದಲ್ಲಿ ಹೊಸ ಕೆಂಪು ಚುಕ್ಕೆ, ನೀರು ತುಂಬಿದ ಗುಳ್ಳೆ, ಒಣಗಿದ ಹೊಪ್ಪಳೆ ಮೂರೂ ಒಟ್ಟಿಗೆ ಕಂಡರೆ ಅದೇ ಗುರುತು. ಎಲ್ಲ ಗುಳ್ಳೆ ಒಣಗುವವರೆಗೆ ಶಾಲೆಗೂ ಪಾಳಣಾಘರಕ್ಕೂ ಕಳಿಸಬೇಡಿ. ಮನೆಯಲ್ಲಿ ಬಸುರಿ ಇದ್ದರೆ, ಅವರಿಗೆ ಹಿಂದೆ ಅದು ಬಂದಿರದಿದ್ದರೆ, ಮಗುವಿನಿಂದ ದೂರವಿರಿಸಿ ಡಾಕ್ಟರಿಗೆ ತಿಳಿಸಿ. ಈ ಕಾಯಿಲೆಯಲ್ಲಿ ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು.

ಮಳೆಗಾಲದಲ್ಲಿ ಮುಂಬಯಿಯ ಪ್ಲೇಸ್ಕೂಲುಗಳಲ್ಲಿ ಸುತ್ತಾಡುವ ಕೈ-ಕಾಲು-ಬಾಯಿ ಕಾಯಿಲೆ ಇನ್ನೊಂದು. ಅಂಗೈ, ಅಂಗಾಲು, ಕೆಲವೊಮ್ಮೆ ಕುಂಡೆಯ ಮೇಲೆ ಗುಳ್ಳೆ, ಬಾಯಲ್ಲಿ ಹುಣ್ಣು. ಮಗು ಊಟ ಬಿಡುವುದು ಹಟದಿಂದಲ್ಲ, ಬಾಯಿ ಉರಿಯುವುದರಿಂದ. ತಣ್ಣನೆಯ ಮಜ್ಜಿಗೆ, ಗಂಜಿ, ಎಳನೀರು ಕೊಡಿ. ವಾರದೊಳಗೆ ತಾನಾಗಿ ಹೋಗುತ್ತದೆ. ಕೆಲವು ವಾರಗಳ ಮೇಲೆ ಉಗುರು ಕಳಚಿದರೆ ಹೆದರಬೇಡಿ, ಹೊಸ ಉಗುರು ಬರುತ್ತದೆ.

ಅದೇ ಮಳೆಗಾಲದ ಡೆಂಗ್ಯೂ ಮಾತ್ರ ಮೋಸದ ಜ್ವರ. ಜ್ವರ ಇಳಿಯಿತು, ಗೆದ್ದೆವು ಎಂದುಕೊಳ್ಳುವ ಹೊತ್ತಿಗೇ ಅಪಾಯ ಶುರುವಾಗಬಹುದು. ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ವಸಡಿನಲ್ಲಿ ರಕ್ತ, ತಣ್ಣಗಾದ ಕೈಕಾಲು, ಮಂಕು ಬಡಿದಂತೆ ಮಲಗುವುದು, ಇಷ್ಟರಲ್ಲಿ ಒಂದು ಕಂಡರೂ ಆಸ್ಪತ್ರೆಗೆ. ಡೆಂಗ್ಯೂ ಅನುಮಾನವಿದ್ದಾಗ ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಮಾತ್ರೆ ಬೇಡ.

ಒಂದು ಸುಲಭದ ಪರೀಕ್ಷೆ ಇದೆ. ಪಾರದರ್ಶಕ ಗಾಜಿನ ಲೋಟವನ್ನು ದದ್ದಿನ ಮೇಲೆ ಒತ್ತಿ ನೋಡಿ. ಬಹಳಷ್ಟು ದದ್ದು ಒತ್ತಿದಾಗ ಮಾಯವಾಗುತ್ತದೆ. ಜ್ವರವಿರುವ ಮಗುವಿನ ಮೈಮೇಲಿನ ಕೆಂಪು-ನೇರಳೆ ಚುಕ್ಕೆ ಒತ್ತಿದರೂ ಮಾಯವಾಗದಿದ್ದರೆ ಚರ್ಮದ ಒಳಗೆ ರಕ್ತ ಸೋರಿದೆ ಎಂದು ಅರ್ಥ. ಬೆಳಗಾಗಲಿ ಎಂದು ಕಾಯಬೇಡಿ.

ಯಾವಾಗ ಓಡಬೇಕು?

ಹೆಸರು ಗೊತ್ತಿರಬೇಕಿಲ್ಲ, ಇಷ್ಟು ಗೊತ್ತಿದ್ದರೆ ಸಾಕು. ಮಗು ಹಾಲು ಅಥವಾ ನೀರು ಕುಡಿಯಲಾರದು. ಕುಡಿದದ್ದೆಲ್ಲ ವಾಂತಿ. ಫಿಟ್ಸ್ ಬಂದಿದೆ. ಎಬ್ಬಿಸಿದರೂ ಎಚ್ಚರವಾಗುತ್ತಿಲ್ಲ. ಆರು ಗಂಟೆಯಿಂದ ಮೂತ್ರ ಹೋಗಿಲ್ಲ. ಪಕ್ಕೆ ಒಳಕ್ಕೆ ಸೆಳೆಯುತ್ತಿದೆ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟುವ ಜ್ವರ.

ಉಸಿರಿನ ಲೆಕ್ಕವನ್ನು ಫ್ರಿಜ್ಜಿನ ಮೇಲೆ ಬರೆದು ಅಂಟಿಸಿಡಿ. ಮಗು ಅಳದೆ ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಅಷ್ಟಾದರೆ ಅಥವಾ ದಾಟಿದರೆ ಕಷಾಯದ ಹೊತ್ತು ಮುಗಿಯಿತು.

ಅಕ್ಕ ಕೇಳಿದ ಪ್ರಶ್ನೆ

ಇಷ್ಟೆಲ್ಲ ಹೇಳುವ ನಾನೇ ಒಮ್ಮೆ ಹೆಸರಿಟ್ಟು ಸುಮ್ಮನಾದವಳು. ಅದನ್ನು ಹೇಳದಿದ್ದರೆ ಈ ಬರಹ ಸುಳ್ಳಾಗುತ್ತದೆ.

1981ರ ಬೇಸಿಗೆ. ನಾನಾಗ ನರ್ಸಿಂಗ್ ಕಲಿಯುತ್ತಿದ್ದೆ. ಅಕ್ಕ ಕುರ್ಲಾದ ಚಾಳಿನಲ್ಲಿದ್ದಳು, ಮೊದಲ ಬಸುರಿ, ಎರಡನೇ ತಿಂಗಳು. ಆ ಚಾಳಿನ ಮಕ್ಕಳಿಗೆಲ್ಲ ಸಣ್ಣ ದದ್ದು ಎದ್ದು ಹೋಗುತ್ತಿತ್ತು. ಒಂದು ಭಾನುವಾರ ನಾನು ಹೋದಾಗ ಅಕ್ಕನ ಮುಖ, ಕತ್ತಿನ ಮೇಲೆ ತೆಳ್ಳನೆಯ ಕೆಂಪು. ಮೈ ಸ್ವಲ್ಪ ಬೆಚ್ಚಗೆ, ಕಿವಿಯ ಹಿಂದೆ ಸಣ್ಣ ಗಂಟು. "ಇದೆಂತ ಹೆಣೆ?" ಅಂದಳು. "ಬೆವರುಸಾಲೆ ಅಕ್ಕ, ಈ ಸೆಕೆಗೆ ಇನ್ನೇನಾಗುತ್ತೆ," ಅಂದೆ. ಮೂರು ದಿನಕ್ಕೆ ಮಾಯವಾಯಿತು. ಇಬ್ಬರೂ ಮರೆತೆವು.

ಮಗಳು ಹುಟ್ಟಿದಳು. ತೂಕ ಕಡಿಮೆ. ಹಾಲು ಕುಡಿಯುವಾಗ ನಡುನಡುವೆ ನಿಲ್ಲಿಸಿ ದಣಿದವಳ ಹಾಗೆ ಬೆವರುತ್ತಿದ್ದಳು. ಹೃದಯದಲ್ಲಿ ಮುಚ್ಚಬೇಕಾದ ಒಂದು ನಾಳ ಮುಚ್ಚಿರಲಿಲ್ಲ. ಅದು ಗೊತ್ತಾಗಿ ಮುಂದೆ ಶಸ್ತ್ರಚಿಕಿತ್ಸೆಯಾಯಿತು. ಕಿವಿಯ ವಿಷಯ ಮಾತ್ರ ಮೂರು ವರ್ಷದವರೆಗೂ ಯಾರಿಗೂ ತಿಳಿಯಲಿಲ್ಲ. ಬಾಗಿಲು ದಡಾರನೆ ಹಾಕಿದರೆ ತಿರುಗುತ್ತಿದ್ದಳು. ಅದು ಸದ್ದಿಗಲ್ಲ, ನೆಲದ ಅದುರುವಿಕೆಗೆ. "ನಮ್ಮ ಮನೆಯವರೆಲ್ಲ ಮಾತು ತಡವೇ," ಅಂದರು ಭಾವನ ತಾಯಿ. ನಾನೂ ಹೂಂ ಅಂದೆ.

ಕೊನೆಗೆ ಕಿವಿಯ ಪರೀಕ್ಷೆ ಮಾಡಿದ ಡಾಕ್ಟರು, ಹೃದಯದ ಹಳೆಯ ಕಾಗದಗಳನ್ನೂ ನೋಡಿ, "ಬಸುರಿಯಲ್ಲಿ ದದ್ದು ಎದ್ದಿತ್ತಾ?" ಎಂದು ಕೇಳಿದರು. ಅಕ್ಕ ನನ್ನ ಕಡೆ ತಿರುಗಿದಳು. ರಾತ್ರಿ ಮನೆಗೆ ಬಂದ ಮೇಲೆ ಒಂದೇ ಮಾತು ಕೇಳಿದಳು. "ನೀನ್ ನರ್ಸ್ ಅಲ್ದಾ, ನಿಂಗೆ ಗೊತ್ತಾಯ್ಲಿಲ್ಯಾ?"

ಅದು ರುಬೆಲ್ಲಾ ಇದ್ದಿರಬೇಕು ಎಂದರು ಡಾಕ್ಟರು. ಮಕ್ಕಳಿಗೆ ಅದು ಬಂದರೂ ಹೋದರೂ ಲೆಕ್ಕಕ್ಕಿಲ್ಲದ ಕಾಯಿಲೆ. ಅರ್ಧದಷ್ಟು ಜನರಿಗೆ ಬಂದದ್ದೇ ತಿಳಿಯುವುದಿಲ್ಲ. ಆದರೆ ಬಸುರಿಯ ಮೊದಲ ತಿಂಗಳುಗಳಲ್ಲಿ ತಗಲಿದರೆ ಹತ್ತರಲ್ಲಿ ಒಂಬತ್ತರವರೆಗೂ ಅದು ಕೂಸಿಗೆ ದಾಟಬಹುದು. ಕಣ್ಣಿನ ಪೊರೆ, ಹೃದಯದ ದೋಷ, ಕಿವುಡು, ಈ ಮೂರು ಅದರ ಗುರುತು. ಈ ನಂಟನ್ನು ಮೊದಲು ಕಂಡವರು ಆಸ್ಟ್ರೇಲಿಯಾದ ಸಿಡ್ನಿಯ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್, 1941ರಲ್ಲಿ. ಕಣ್ಣಿನ ಪೊರೆಯ ಕೂಸುಗಳು ಒಂದರ ಹಿಂದೊಂದು ಬರತೊಡಗಿದಾಗ ಅವರು ತಾಯಂದಿರ ಮಾತಿಗೆ ಕಿವಿಗೊಟ್ಟರು. ಬಸುರಿಯಲ್ಲಿ ತಮಗೆ ದದ್ದು ಎದ್ದಿತ್ತೆಂದು ಆ ತಾಯಂದಿರು ಹೇಳಿದರು. 78 ಮಕ್ಕಳ ವಿವರ ಸೇರಿಸಿ ಗ್ರೆಗ್ ಪ್ರಕಟಿಸಿದರು. ಉತ್ತರ ಇದ್ದದ್ದು ತಾಯಂದಿರ ನೆನಪಿನಲ್ಲಿ.

ಅಂದು ನನಗೆ ಗೊತ್ತಾಗಿದ್ದರೂ ರುಬೆಲ್ಲಾವನ್ನು ತಡೆಯಲಾಗುತ್ತಿರಲಿಲ್ಲ, ನಿಜ. ಆದರೆ ಮಗು ಹುಟ್ಟಿದ ತಿಂಗಳಲ್ಲೇ ಕಿವಿ ಪರೀಕ್ಷಿಸಿ ಎಂದು ಕೇಳಬಹುದಿತ್ತು. ಮೂರು ವರ್ಷ ಉಳಿಯುತ್ತಿತ್ತು. ಮೆದುಳು ಮಾತು ಕಲಿಯುವುದು ಆ ಮೂರು ವರ್ಷಗಳಲ್ಲೇ.

ಹುಟ್ಟಿನಿಂದ ಬಂದದ್ದನ್ನು ಗುರುತಿಸುವುದು

ಈಗಿನ ಲೆಕ್ಕ ಒಂದು-ಮೂರು-ಆರು. ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಅನುಮಾನವಿದ್ದರೆ ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ. ತಪಾಸಣೆಗೆ ಕೂಸು ಮಲಗಿದ್ದರೆ ಸಾಕು, ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಮನೆಯಲ್ಲಿ ತಟ್ಟೆ ಬಡಿದು ನೋಡುವುದು ಪರೀಕ್ಷೆಯಲ್ಲ.

ನಮ್ಮ ಮುಂಬಯಿ ಮನೆಗಳಲ್ಲಿ ಹೊಸದೊಂದು ಸಬೂಬು ಹುಟ್ಟಿದೆ. ಅಜ್ಜಿಯದು ತುಳು, ಅಪ್ಪನದು ಕನ್ನಡ, ನೋಡಿಕೊಳ್ಳುವ ಮಾವ್ಶಿಯದು ಮರಾಠಿ, ಸೊಸೈಟಿಯಲ್ಲಿ ಹಿಂದಿ, ಪ್ಲೇಸ್ಕೂಲಿನಲ್ಲಿ ಇಂಗ್ಲಿಷ್. "ಭಾಷೆ ಜಾಸ್ತಿಯಾಯಿತು, ಅದಕ್ಕೆ ಮಾತು ಬಂದಿಲ್ಲ" ಎನ್ನುತ್ತಾರೆ. ನಾಲ್ಕು ಭಾಷೆ ಕೇಳಿದ ಮಗು ನಾಲ್ಕನ್ನೂ ಬೆರೆಸಿ ಮಾತಾಡಬಹುದು, ಮೂಕವಾಗುವುದಿಲ್ಲ. ಒಂದು ವರ್ಷಕ್ಕೆ ಹೆಸರು ಕರೆದರೆ ತಿರುಗದಿದ್ದರೆ, ಒಂದೂವರೆ ವರ್ಷಕ್ಕೆ ಒಂದೂ ಪದ ಬರದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಜೋಡಿಸದಿದ್ದರೆ ಯಾವ ಭಾಷೆಯನ್ನೂ ದೂರದೆ ಮೊದಲು ಕಿವಿ ತೋರಿಸಿ. ಕಿವಿ ಸರಿಯಿದ್ದರೂ ಅಲ್ಲಿಗೇ ಬಿಡಬೇಡಿ. ಬಾಂದ್ರಾ ರೆಕ್ಲಮೇಶನ್ನಿನಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇರುವುದೇ ಮಾತು ಮತ್ತು ಕಿವಿಯ ಕೆಲಸಕ್ಕೆ. ಊರಿನಲ್ಲಿರುವವರಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ. ಕಾಕ್ಲಿಯರ್ ಇಂಪ್ಲಾಂಟ್ ಬೇಕಾದ ಬಡ ಮಕ್ಕಳಿಗೆ ಕೇಂದ್ರದ ಅಡಿಪ್ ಯೋಜನೆಯ ನೆರವಿದೆ. ಆದರೆ ಅದಕ್ಕೂ ವಯಸ್ಸಿನ ಮಿತಿ ಇದೆ.

ಕಣ್ಣು: ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ಒಂದು ಕಣ್ಣು ಕೆಂಪಾಗಿ, ಇನ್ನೊಂದು ಬಿಳಿಯಾಗಿ ಹೊಳೆದರೆ ಕ್ಯಾಮೆರಾ ತಪ್ಪು ಎಂದು ಅಳಿಸಬೇಡಿ. ಕಣ್ಣಿನ ಪೊರೆ ಇರಬಹುದು, ಅಪರೂಪಕ್ಕೆ ಕಣ್ಣೊಳಗಿನ ಗಡ್ಡೆಯೂ ಇರಬಹುದು. ಹುಟ್ಟು ಪೊರೆಯನ್ನು ಮೊದಲ ಎರಡು ತಿಂಗಳೊಳಗೆ ತೆಗೆದರೆ ದೃಷ್ಟಿ ಉಳಿಯುವ ಸಾಧ್ಯತೆ ಹೆಚ್ಚು.

ಹೃದಯ: ಹಾಲು ಕುಡಿಯುವಾಗ ದಣಿವು, ಹಣೆಯಲ್ಲಿ ಬೆವರು, ತೂಕ ಏರದಿರುವುದು, ಅತ್ತಾಗ ತುಟಿ-ನಾಲಿಗೆ ನೀಲಿಯಾಗುವುದು. ಬೆನ್ನು, ಕುಂಡೆಯ ಮೇಲಿನ ನೀಲಿ ಮಚ್ಚೆ ಮಾತ್ರ ನಿರುಪದ್ರವಿ. ಬೆಳೆಯುತ್ತಾ ಮಾಸುತ್ತದೆ.

ಕಾಮಾಲೆ: ಹುಟ್ಟಿದ ವಾರದ ಹಳದಿ ಬಹಳ ಮಕ್ಕಳಿಗೆ ಬರುತ್ತದೆ. ಎರಡು ವಾರ ದಾಟಿಯೂ ಉಳಿದರೆ ಬಿಸಿಲಿಗೆ ಹಿಡಿಯುತ್ತಾ ಕೂರಬೇಡಿ, ಮಲದ ಬಣ್ಣ ನೋಡಿ. ಮಲ ಸುಣ್ಣದಂತೆ ಬಿಳಿಚಿಕೊಂಡು, ಮೂತ್ರ ಕಡು ಹಳದಿಯಾಗಿದ್ದರೆ ಪಿತ್ತನಾಳ ಮುಚ್ಚಿರಬಹುದು. ಅದರ ಶಸ್ತ್ರಚಿಕಿತ್ಸೆ 60 ದಿನದೊಳಗೆ ಆದರೆ ಫಲ ಚೆನ್ನ. ಬಾಣಂತಿಕೋಣೆಯಲ್ಲಿ ಬಟ್ಟೆ ಒಗೆಯುವ ಅಜ್ಜಿಗೇ ಇದು ಮೊದಲು ಕಾಣುವುದು.

ಥೈರಾಯ್ಡ್: ಹುಟ್ಟಿನಿಂದ ಥೈರಾಯ್ಡ್ ಕಡಿಮೆ ಇರುವ ಕೂಸು ಅಳುವುದಿಲ್ಲ, ತುಂಬಾ ಮಲಗುತ್ತದೆ. "ಎಷ್ಟು ಪಾಪದ ಮಗು" ಎಂದು ಹೊಗಳುತ್ತೇವೆ. ಹಿಮ್ಮಡಿಯಿಂದ ತೆಗೆದ ಎರಡು ಹನಿ ರಕ್ತದಲ್ಲಿ ಅದು ಗೊತ್ತಾಗುತ್ತದೆ. ಬೇಗ ಮಾತ್ರೆ ಶುರುವಾದರೆ ಬುದ್ಧಿ ಬೆಳೆಯುತ್ತದೆ, ತಡವಾದರೆ ಹಿಂದಕ್ಕೆ ತರಲಾಗದು. ಆಸ್ಪತ್ರೆ ಬಿಡುವ ಮೊದಲು ಆ ಪರೀಕ್ಷೆ ಆಗಿದೆಯೇ ಎಂದು ಕೇಳಿ.

ಸೊಟ್ಟ ಪಾದವನ್ನು ವಾರವಾರ ಪ್ಲಾಸ್ಟರ್ ಹಾಕಿ ನೇರ ಮಾಡುತ್ತಾರೆ, ಹುಟ್ಟಿದ ವಾರಗಳಲ್ಲೇ ಶುರುವಾದರೆ ಸುಲಭ. ಸೀಳುತುಟಿಗೂ ಒಳ್ಳೆಯ ಶಸ್ತ್ರಚಿಕಿತ್ಸೆ ಇದೆ. ಗ್ರಹಣದ ದಿನ ಸೊಸೆ ತರಕಾರಿ ಹೆಚ್ಚಿದ್ದಕ್ಕೆ ಹೀಗಾಯಿತು ಎನ್ನುವ ಮಾತನ್ನು ದಯವಿಟ್ಟು ಬಿಡಿ. ಹೆತ್ತವಳ ದುಃಖದ ಮೇಲೆ ಅಪರಾಧವನ್ನೂ ಹೇರಬಾರದು. ಆದರೆ ಒಂದು ಮಾತು ಮುಚ್ಚಿಡಲಾರೆ. ಸೋದರಮಾವ, ಅತ್ತೆಯ ಮಗ ಎಂದು ಹತ್ತಿರದಲ್ಲೇ ಕೊಟ್ಟು ತರುವ ಮನೆಗಳಲ್ಲಿ ಹುಟ್ಟು ಕಿವುಡಿನಂಥ ವಂಶದ ತೊಂದರೆಗಳ ಸಾಧ್ಯತೆ ಹೆಚ್ಚು. ಅಂಥ ಮದುವೆ ಆಗಿದ್ದರೆ ನಾಚಿಕೆ ಬೇಡ. ಡಾಕ್ಟರಿಗೆ ಹೇಳಿ, ಕೂಸಿನ ತಪಾಸಣೆ ತಪ್ಪಿಸಬೇಡಿ.

ಕಾರ್ಡ್ ಊರಲ್ಲಿ, ಮಗು ಮುಂಬಯಿಯಲ್ಲಿ

ಬಾಣಂತನಕ್ಕೆ ತವರಿಗೆ ಹೋಗುವುದು ನಮ್ಮ ಪದ್ಧತಿ. ಹುಟ್ಟಿದಾಗಿನ ಲಸಿಕೆ ಉಡುಪಿಯಲ್ಲೋ ಕಲಬುರಗಿಯಲ್ಲೋ ಆಗುತ್ತದೆ. ಐದನೇ ತಿಂಗಳಿಗೆ ಮುಂಬಯಿಗೆ ಮರಳುತ್ತಾರೆ, ತಾಯಿ ಕಾರ್ಡ್ ಅಲ್ಲೇ ಕಪಾಟಿನಲ್ಲಿ ಉಳಿಯುತ್ತದೆ. ಒಂಬತ್ತನೇ ತಿಂಗಳ ಲಸಿಕೆ ತಪ್ಪುವುದು ಹೀಗೆ. ಗೋವಂಡಿಯ ಆ ಹುಡುಗನದೂ ಇದೇ ಕತೆ.

ದಡಾರ ಮತ್ತು ರುಬೆಲ್ಲಾ ಎರಡಕ್ಕೂ ಸೂಜಿ ಒಂದೇ. ಒಂಬತ್ತು ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳ ನಡುವೆ ಇನ್ನೊಂದು. ಇದರ ಅಭಿಯಾನ ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದಲ್ಲಿ 2018ರ ನವೆಂಬರಿನಲ್ಲಿ ಶುರುವಾಯಿತು. 2022ರ ಹಾವಳಿಯಲ್ಲಿ ಒಂಬತ್ತು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ಒಂದು ಹೆಚ್ಚಿನ ಡೋಸ್ ಕೊಟ್ಟರು. ಕಾಯಿಲೆ ಹೆಚ್ಚಿದ್ದ ಕಡೆ ಆರು ತಿಂಗಳ ಕೂಸುಗಳಿಗೂ ಕೊಟ್ಟರು. ಸರ್ಕಾರಿ ಸೂಜಿಯಲ್ಲಿ ಮಂಗನಬಾವು ಸೇರಿಲ್ಲ. ಅದು ಬೇಕಿದ್ದರೆ ಮಕ್ಕಳ ಡಾಕ್ಟರನ್ನು ಕೇಳಿ.

ಮುನಿಸಿಪಾಲಿಟಿಯ ಯಾವ ಆರೋಗ್ಯ ಕೇಂದ್ರದಲ್ಲೂ ಈ ಲಸಿಕೆ ಉಚಿತ. ರೇಷನ್ ಕಾರ್ಡ್ ಯಾವ ರಾಜ್ಯದ್ದೆಂದು ಕೇಳುವುದಿಲ್ಲ. ತಾಯಿ ಕಾರ್ಡಿನ ಫೋಟೊ ಫೋನಿನಲ್ಲಿ ಇಟ್ಟುಕೊಳ್ಳಿ. ಕಾರ್ಡ್ ಕಳೆದಿದ್ದರೂ ಹೋಗಿ, ಮತ್ತೊಮ್ಮೆ ಸೂಜಿ ಬಿದ್ದರೆ ತೊಂದರೆಯಿಲ್ಲ. ಮದುವೆಗೆ ಮುಂಚೆ ಹೆಣ್ಣುಮಕ್ಕಳಿಗೆ ರುಬೆಲ್ಲಾ ಲಸಿಕೆ ಆಗಿದೆಯೇ ಎಂದು ವಿಚಾರಿಸಿ. ಬಸುರಿಯಲ್ಲಿ ಅದನ್ನು ಕೊಡುವುದಿಲ್ಲ, ಹಾಕಿಸಿದ ಮೇಲೆ ಒಂದು ತಿಂಗಳು ಬಸುರಿಯಾಗಬಾರದು. ಮಗು ಬೇಕೆಂದು ನಿರ್ಧರಿಸಿದ ದಿನದಿಂದಲೇ ಫೋಲಿಕ್ ಆಸಿಡ್ ತೆಗೆದುಕೊಂಡರೆ ಬೆನ್ನುಹುರಿಯ ದೋಷಗಳು ಬಹಳ ಮಟ್ಟಿಗೆ ತಪ್ಪುತ್ತವೆ.

ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳ ತಪಾಸಣೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. 2013ರ ಫೆಬ್ರವರಿಯಲ್ಲಿ ಅದು ಆರಂಭವಾದದ್ದು ನಮ್ಮ ಪಕ್ಕದ ಪಾಲ್ಘರಿನಲ್ಲೇ. ಅಂಗನವಾಡಿಗೆ, ಸರ್ಕಾರಿ ಶಾಲೆಗೆ ತಪಾಸಣಾ ತಂಡ ಬರುತ್ತದೆ. ದೋಷ ಕಂಡರೆ ಮುಂದಿನ ಚಿಕಿತ್ಸೆಗೂ ದಾರಿ ಮಾಡಿಕೊಡುತ್ತದೆ. ಪರೇಲಿನ ವಾಡಿಯಾ ಮಕ್ಕಳ ಆಸ್ಪತ್ರೆ 1929ರಿಂದ ಮಕ್ಕಳಿಗಾಗಿಯೇ ಇದೆ. ಭಾಷೆ ಬರದವರಿದ್ದರೆ ಜೊತೆಗೆ ಹೋಗಿ. ನಿಮ್ಮ ಕಟ್ಟಡದ ವಾಚ್‌ಮನ್, ಪಕ್ಕದ ಸೈಟಿನ ಕೂಲಿಯವರು ನಮ್ಮ ಊರ ಕಡೆಯವರಾಗಿದ್ದರೆ ಒಂದು ಮಾತು ಕೇಳಿ. ಸಂಘದ ವಾರ್ಷಿಕೋತ್ಸವಕ್ಕಿಂತ ಅದು ದೊಡ್ಡ ಕನ್ನಡ ಸೇವೆ.

ಗೋವಂಡಿಯ ಆ ಮನೆಯಲ್ಲಿ ಎಂಟು ತಿಂಗಳ ಇನ್ನೊಂದು ಕೂಸಿತ್ತು. ಅಣ್ಣ ಆಸ್ಪತ್ರೆಯಲ್ಲಿದ್ದಾಗಲೇ ಅದಕ್ಕೂ ಜ್ವರ ಬಂತು. ಈ ಸಲ ನಾನು ಹೋಗಬೇಕಾಗಲಿಲ್ಲ. ಅತ್ತೆಯೇ ಎತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಬಂದಿದ್ದರಂತೆ. ನರ್ಸ್ ಕೇಳುವ ಮೊದಲೇ, "ಉಸುರು ಎಣಿಸಿ ನೋಡ್ರಿ," ಎಂದರಂತೆ.

ಅಕ್ಕನ ಮಗಳಿಗೆ ಈಗ ನಲವತ್ತು ದಾಟಿದೆ. ಕಿವುಡರ ಶಾಲೆಯಲ್ಲಿ ಓದಿದಳು, ಕೆಲಸ ಮಾಡುತ್ತಾಳೆ, ಅವಳದೇ ಸಂಸಾರವಿದೆ. ಅವಳ ಮಗ ಹುಟ್ಟಿದಾಗ ಮೂರನೇ ದಿನ ನನ್ನನ್ನು ಹತ್ತಿರ ಕರೆದಳು. ಮಗುವಿನ ಕಡೆ ಬೆರಳು ತೋರಿಸಿ, ತನ್ನ ಕಿವಿ ಮುಟ್ಟಿಕೊಂಡು, ಕೈಯನ್ನು ಪ್ರಶ್ನೆಯಂತೆ ತಿರುಗಿಸಿದಳು. ನಾನು ಈ ಸಲ ಏನೂ ಹೆಸರಿಡಲಿಲ್ಲ. ಮಗುವನ್ನು ಎತ್ತಿಕೊಂಡು ಪರೀಕ್ಷೆಗೆ ಹೋದೆ.